ಪಾಯ್ಸಾನ್ ವಿತರಣೆ

ಪಾಯ್ಸಾನ್ ವಿತರಣೆ ಎಂಬುದು ಸಂಭವನೀಯತಾ ಸಿದ್ಧಾಂತ ಮತ್ತು ಸಂಖ್ಯಾಶಾಸ್ತ್ರದಲ್ಲಿ ಬಳಕೆಯಲ್ಲಿರುವ ಒಂದು ಮುಖ್ಯ ಸಂಭವನೀಯತಾ ವಿತರಣೆ. ನಿಗದಿತ ಕಾಲಾವಧಿಯಲ್ಲಿ ಅಥವಾ ನಿಗದಿತ ಸ್ಥಳದಲ್ಲಿ ಒಂದು ಯಾದೃಚ್ಛಿಕ (ಆಕಸ್ಮಿಕ) ಘಟನೆಯು ಎಷ್ಟು ಸಲ ಸಂಭವಿಸಬಹುದು, ಪ್ರತಿಯೊಂದು ಎಣಿಕೆಗೂ ಇರುವ ಸಂಭವನೀಯತೆ ಎಷ್ಟು ಎಂಬುದನ್ನು ಇದು ತಿಳಿಸುತ್ತದೆ. ಘಟನೆಗಳು ಒಂದನ್ನೊಂದು ಅವಲಂಬಿಸದೆ, ಸ್ಥಿರವಾದ ಸರಾಸರಿ ದರದಲ್ಲಿ ನಡೆಯುತ್ತಿದ್ದರೆ ಈ ವಿತರಣೆ ಅನ್ವಯವಾಗುತ್ತದೆ. ಫ್ರಾನ್ಸಿನ ಗಣಿತಜ್ಞ ಸಿಮಿಯೋನ್ ಡೆನಿ ಪಾಯ್ಸಾನ್ (1781–1840) ಅವರ ಹೆಸರನ್ನು ಇದಕ್ಕೆ ಇಡಲಾಗಿದೆ.

ವಿಕಿರಣಶೀಲ ವಸ್ತುವಿನಿಂದ ಹೊಮ್ಮುವ ಕಣಗಳು, ದೂರವಾಣಿ ವಿನಿಮಯ ಕೇಂದ್ರಕ್ಕೆ ಬರುವ ಕರೆಗಳು, ರಸ್ತೆ ಅಪಘಾತಗಳು, ಮುದ್ರಿತ ಪುಟದಲ್ಲಿನ ಅಚ್ಚಿನ ತಪ್ಪುಗಳು ಮೊದಲಾದವುಗಳ ಎಣಿಕೆಯನ್ನು ವಿವರಿಸಲು ಈ ವಿತರಣೆಯನ್ನು ಬಳಸುತ್ತಾರೆ. ಕರ್ನಾಟಕದ ಕೋಲಾರ ಚಿನ್ನದ ಗಣಿಗಳ ಆಳದಲ್ಲಿ 1950ರ ದಶಕದಿಂದ 1990ರ ದಶಕದ ಆರಂಭದವರೆಗೆ ನಡೆದ ವಿಶ್ವಕಿರಣ, ನ್ಯೂಟ್ರಿನೊ ಹಾಗೂ ಪ್ರೋಟಾನ್ ಕ್ಷಯ ಪ್ರಯೋಗಗಳು ಅತಿ ವಿರಳ ಘಟನೆಗಳ ಎಣಿಕೆಯನ್ನೇ ಆಧರಿಸಿದ್ದವು. ಆದುದರಿಂದ ಈ ವಿತರಣೆಯ ಮಹತ್ವವನ್ನು ಅರಿಯಲು ಅವು ಉತ್ತಮ ನಿದರ್ಶನಗಳಾಗಿವೆ.

ಪರಿಕಲ್ಪನೆ

ಒಂದು ಆಕಸ್ಮಿಕ ಘಟನೆ ಯಾವಾಗ ನಡೆಯುತ್ತದೆಂದು ಮುಂದಾಗಿ ಹೇಳಲು ಸಾಧ್ಯವಿಲ್ಲ. ಆದರೆ ಅಂತಹ ಅನೇಕ ಘಟನೆಗಳನ್ನು ಒಟ್ಟಾಗಿ ಎಣಿಸಿದಾಗ ಅವುಗಳಲ್ಲಿ ಒಂದು ಕ್ರಮ ಕಂಡುಬರುತ್ತದೆ. ಸರಾಸರಿ ಒಂದು ಗಂಟೆಗೆ ಎರಡು ಕರೆಗಳು ಬರುವ ದೂರವಾಣಿಗೆ ಪ್ರತಿಯೊಂದು ಗಂಟೆಯಲ್ಲಿಯೂ ಸರಿಯಾಗಿ ಎರಡೇ ಕರೆಗಳು ಬರುವುದಿಲ್ಲ. ಒಂದು ಗಂಟೆಯಲ್ಲಿ ಒಂದೂ ಬಾರದಿರಬಹುದು, ಇನ್ನೊಂದು ಗಂಟೆಯಲ್ಲಿ ಐದು ಬರಬಹುದು. ಇಂತಹ ಏರಿಳಿತಗಳಲ್ಲಿ ಯಾವುದು ಸಹಜ, ಯಾವುದು ಅಸಹಜ ಎಂಬುದನ್ನು ಅಳೆಯುವ ಮಾನದಂಡವೇ ಪಾಯ್ಸಾನ್ ವಿತರಣೆ.

ಇದನ್ನು ದ್ವಿಪದ ವಿತರಣೆಯ ಸೀಮಾರೂಪವೆಂದೂ ಅರ್ಥಮಾಡಿಕೊಳ್ಳಬಹುದು. ಕೋಲಾರ ಜಿಲ್ಲೆಯ ಮಾಲೂರು ಹೆಂಚು ಮತ್ತು ಇಟ್ಟಿಗೆಗಳಿಗೆ ಹೆಸರಾದ ಊರು. ಉದಾಹರಣೆಗಾಗಿ, ಹೆಂಚಿನ ಕಾರ್ಖಾನೆಯೊಂದರಲ್ಲಿ ನೂರು ಹೆಂಚುಗಳಿಗೆ ಸರಾಸರಿ 2 ಹೆಂಚುಗಳು ಬಿರುಕು ಬಿಡುತ್ತವೆ ಎಂದು ಊಹಿಸೋಣ. ಪ್ರತಿಯೊಂದು ಹೆಂಚು ಬಿರುಕು ಬಿಡುವ ಸಂಭವನೀಯತೆ 0.02 ಆಗಿದ್ದು, ಹೆಂಚುಗಳು ಪರಸ್ಪರ ಸ್ವತಂತ್ರವಾಗಿದ್ದರೆ, ನೂರರಲ್ಲಿ ಒಂದೂ ಬಿರುಕು ಬಿಡದಿರುವ ಸಂಭವನೀಯತೆ ದ್ವಿಪದ ವಿತರಣೆಯ ಪ್ರಕಾರ 0.1326, ಪಾಯ್ಸಾನ್ ವಿತರಣೆಯ ಪ್ರಕಾರ 0.1353. ಎರಡೇ ಹೆಂಚುಗಳು ಬಿರುಕು ಬಿಡುವ ಸಂಭವನೀಯತೆ ಅನುಕ್ರಮವಾಗಿ 0.2734 ಮತ್ತು 0.2707. ಅವಕಾಶಗಳ ಸಂಖ್ಯೆ ಹೆಚ್ಚುತ್ತ, ಪ್ರತಿಯೊಂದು ಅವಕಾಶದಲ್ಲಿನ ಸಂಭವನೀಯತೆ ಕುಗ್ಗುತ್ತ, ಸರಾಸರಿ ಮಾತ್ರ ಬದಲಾಗದೆ ಉಳಿದರೆ ಈ ಎರಡು ಉತ್ತರಗಳ ನಡುವಿನ ಅಂತರ ಕಡಿಮೆಯಾಗುತ್ತ ಹೋಗುತ್ತದೆ.

ದ್ವಿಪದ ವಿತರಣೆಯನ್ನು ಬಳಸಲು ಒಟ್ಟು ಅವಕಾಶಗಳೆಷ್ಟು ಎಂಬುದು ತಿಳಿದಿರಬೇಕು. ಪಾಯ್ಸಾನ್ ವಿತರಣೆಗೆ ಅದರ ಅಗತ್ಯವಿಲ್ಲ, ಸರಾಸರಿಯೊಂದೇ ಸಾಕು. ಒಂದು ತಿಂಗಳಲ್ಲಿ ರಸ್ತೆಯ ಮೇಲೆ ನಡೆದ ಅಪಘಾತಗಳನ್ನು ಎಣಿಸಬಹುದು, ನಡೆಯದೆ ತಪ್ಪಿಹೋದ ಅಪಘಾತಗಳನ್ನು ಎಣಿಸಲಾಗದು. ಇಂತಹ ಸಂದರ್ಭಗಳಲ್ಲಿಯೇ ಈ ವಿತರಣೆ ಹೆಚ್ಚು ಉಪಯುಕ್ತವಾಗುತ್ತದೆ.

ಇತಿಹಾಸ

ಈ ವಿತರಣೆಗೆ ಸಮಾನವಾದ ಫಲಿತಾಂಶವನ್ನು ಅಬ್ರಹಾಂ ಡಿ ಮಾವರ್ 1711ರಲ್ಲಿಯೇ ನೀಡಿದ್ದರು. ಪಾಯ್ಸಾನ್ ಇದನ್ನು 1837ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ನಿರೂಪಿಸಿದರು. ನ್ಯಾಯಾಲಯಗಳ ತೀರ್ಪುಗಳಿಗೆ ಸಂಭವನೀಯತೆಯನ್ನು ಅನ್ವಯಿಸುವುದು ಆ ಗ್ರಂಥದ ಮುಖ್ಯ ವಿಷಯವಾಗಿತ್ತು. ಆ ಕಾಲದಲ್ಲಿ ಈ ಸೂತ್ರಕ್ಕೆ ಹೆಚ್ಚಿನ ಗಮನ ದೊರೆಯಲಿಲ್ಲ.

1898ರಲ್ಲಿ ಲಾಡಿಸ್ಲಾಸ್ ಬೋರ್ಟ್‌ಕೆವಿಚ್ ಅವರು ಸಣ್ಣ ಸಂಖ್ಯೆಗಳ ನಿಯಮವನ್ನು ಕುರಿತು ಬರೆದ ಪುಸ್ತಕದಲ್ಲಿ, ಪ್ರಷ್ಯಾದ ಸೇನೆಯಲ್ಲಿ ಕುದುರೆಯ ಒದೆತದಿಂದ ಸತ್ತ ಸೈನಿಕರ ಅಂಕಿಅಂಶಗಳನ್ನು ಈ ಸೂತ್ರದೊಂದಿಗೆ ಹೋಲಿಸಿದರು. ಅಲ್ಲಿಂದ ಮುಂದೆ ಇದರ ಬಳಕೆ ವಿಸ್ತಾರವಾಯಿತು.

• 1907: ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದ ವಿಲಿಯಂ ಸೀಲಿ ಗಾಸೆಟ್ ಅವರು ಸೂಕ್ಷ್ಮದರ್ಶಕದಡಿಯಲ್ಲಿ ಯೀಸ್ಟ್ ಕೋಶಗಳನ್ನು ಎಣಿಸುವಾಗ ಉಂಟಾಗುವ ದೋಷವನ್ನು ಇದೇ ವಿತರಣೆಯಿಂದ ವಿವರಿಸಿದರು.
• 1909: ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ ದೂರವಾಣಿ ಕರೆಗಳ ಅಧ್ಯಯನಕ್ಕೆ ಇದನ್ನು ಅನ್ವಯಿಸಿದರು.
• 1910: ಅರ್ನೆಸ್ಟ್ ರುದರ್‌ಫರ್ಡ್ ಮತ್ತು ಹ್ಯಾನ್ಸ್ ಗೈಗರ್ ಅವರು ಪೊಲೋನಿಯಂನಿಂದ ಹೊಮ್ಮುವ ಆಲ್ಫಾ ಕಣಗಳನ್ನು 7.5 ಸೆಕೆಂಡುಗಳ 2,608 ಅವಧಿಗಳಲ್ಲಿ ಎಣಿಸಿದರು. ಒಟ್ಟು 10,097 ಕಣಗಳು ದಾಖಲಾದವು. ಸರಾಸರಿ ಸುಮಾರು 3.87. ಎಣಿಕೆಗಳು ಪಾಯ್ಸಾನ್ ವಿತರಣೆಗೆ ಸಮೀಪವಾಗಿದ್ದವು.
• 1946: ಆರ್. ಡಿ. ಕ್ಲಾರ್ಕ್ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ದಕ್ಷಿಣ ಲಂಡನ್ ಮೇಲೆ ಬಿದ್ದ ಹಾರುಬಾಂಬುಗಳ ವಿಶ್ಲೇಷಣೆಯನ್ನು ಪ್ರಕಟಿಸಿದರು.
• 1956: ಈಗಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ ಜನಿಸಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ (1920–2023) ಮತ್ತು ಐ. ಎಂ. ಚಕ್ರವರ್ತಿ ಅವರು, ಲಭ್ಯವಿರುವ ದತ್ತಾಂಶ ಕಡಿಮೆಯಿದ್ದಾಗ ಅದು ಪಾಯ್ಸಾನ್ ವಿತರಣೆಯನ್ನು ಅನುಸರಿಸುತ್ತದೆಯೇ ಎಂದು ಪರೀಕ್ಷಿಸುವ ವಿಧಾನಗಳನ್ನು ಬಯೋಮೆಟ್ರಿಕ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಸೂತ್ರ

ನಿಗದಿತ ಅವಧಿಯಲ್ಲಿ ಘಟನೆಗಳ ಸರಾಸರಿ ಸಂಖ್ಯೆಯನ್ನು ಗ್ರೀಕ್ ಅಕ್ಷರವಾದ ಲ್ಯಾಮ್ಡಾದಿಂದ ಸೂಚಿಸುವುದು ರೂಢಿ. ಇಲ್ಲಿ ಅನುಕೂಲಕ್ಕಾಗಿ ಸರಾಸರಿಯನ್ನು ‘ಸ’ ಎಂದೂ, ಯಾವ ಎಣಿಕೆಯ ಸಂಭವನೀಯತೆ ಬೇಕಾಗಿದೆಯೋ ಅದನ್ನು ‘ಕ’ ಎಂದೂ ಕರೆಯಲಾಗಿದೆ. ‘ಇ’ ಎಂಬುದು ಸ್ವಾಭಾವಿಕ ಲಾಗರಿತಮ್‌ನ ಆಧಾರಸಂಖ್ಯೆ. ಅದರ ಬೆಲೆ ಸುಮಾರು 2.71828.

‘ಕ’ ಸಲ ಸಂಭವಿಸುವ ಸಂಭವನೀಯತೆ = (‘ಇ’ ಸಂಖ್ಯೆಯ ‘−ಸ’ ಘಾತ) × (‘ಸ’ ಸಂಖ್ಯೆಯ ‘ಕ’ ಘಾತ) ÷ (‘ಕ’ ಸಂಖ್ಯೆಯ ಫ್ಯಾಕ್ಟೋರಿಯಲ್)

ಫ್ಯಾಕ್ಟೋರಿಯಲ್ ಎಂದರೆ 1ರಿಂದ ಆ ಸಂಖ್ಯೆಯವರೆಗಿನ ಎಲ್ಲ ಪೂರ್ಣಾಂಕಗಳ ಗುಣಲಬ್ಧ. ಉದಾಹರಣೆಗೆ 4ರ ಫ್ಯಾಕ್ಟೋರಿಯಲ್ 1 × 2 × 3 × 4 = 24. ಸೊನ್ನೆಯ ಫ್ಯಾಕ್ಟೋರಿಯಲ್ 1 ಎಂದು ಪರಿಗಣಿಸಲಾಗಿದೆ.

ಕೈಲೆಕ್ಕಕ್ಕೆ ಇನ್ನೂ ಸುಲಭವಾದ ದಾರಿಯೊಂದಿದೆ. ಮೊದಲು ಸೊನ್ನೆಯ ಸಂಭವನೀಯತೆಯನ್ನು, ಅಂದರೆ ‘ಇ’ ಸಂಖ್ಯೆಯ ‘−ಸ’ ಘಾತವನ್ನು ಕಂಡುಕೊಳ್ಳಬೇಕು. ಅದನ್ನು ಸರಾಸರಿಯಿಂದ ಗುಣಿಸಿ 1ರಿಂದ ಭಾಗಿಸಿದರೆ ಒಂದು ಘಟನೆಯ ಸಂಭವನೀಯತೆ, ಆ ಉತ್ತರವನ್ನು ಮತ್ತೆ ಸರಾಸರಿಯಿಂದ ಗುಣಿಸಿ 2ರಿಂದ ಭಾಗಿಸಿದರೆ ಎರಡು ಘಟನೆಗಳ ಸಂಭವನೀಯತೆ, ಹೀಗೆ ಮುಂದುವರಿಯಬಹುದು. ಸರಾಸರಿ 2 ಆಗಿದ್ದಾಗ ದೊರೆಯುವ ಬೆಲೆಗಳು ಹೀಗಿವೆ:

• ಒಂದೂ ಇಲ್ಲ: 0.1353
• ಒಂದು: 0.2707
• ಎರಡು: 0.2707
• ಮೂರು: 0.1804
• ನಾಲ್ಕು: 0.0902
• ಐದು: 0.0361
• ಆರು ಅಥವಾ ಹೆಚ್ಚು: 0.0166

ಸರಾಸರಿ ಎರಡಿದ್ದರೂ ಸರಿಯಾಗಿ ಎರಡೇ ಘಟನೆಗಳು ನಡೆಯುವ ಸಂಭವನೀಯತೆ ನೂರಕ್ಕೆ 27 ಮಾತ್ರ ಎಂಬುದನ್ನು ಇಲ್ಲಿ ಗಮನಿಸಬೇಕು.

ಅನ್ವಯಕ್ಕೆ ಬೇಕಾದ ನಿಬಂಧನೆಗಳು

ಪಾಯ್ಸಾನ್ ವಿತರಣೆಯನ್ನು ಬಳಸುವ ಮೊದಲು ಈ ಕೆಳಗಿನ ನಿಬಂಧನೆಗಳು ಪೂರೈಸುತ್ತವೆಯೇ ಎಂದು ಪರಿಶೀಲಿಸಬೇಕು.

1. ಘಟನೆಗಳನ್ನು 0, 1, 2 ಎಂದು ಪೂರ್ಣಾಂಕಗಳಲ್ಲಿ ಎಣಿಸುವಂತಿರಬೇಕು.
2. ಒಂದು ಘಟನೆ ನಡೆದುದರಿಂದ ಇನ್ನೊಂದು ನಡೆಯುವ ಸಂಭವನೀಯತೆ ಹೆಚ್ಚಾಗಲೀ ಕಡಿಮೆಯಾಗಲೀ ಆಗಬಾರದು.
3. ಸರಾಸರಿ ದರವು ಅವಧಿಯುದ್ದಕ್ಕೂ ಸ್ಥಿರವಾಗಿರಬೇಕು.
4. ಎರಡು ಘಟನೆಗಳು ಒಂದೇ ಕ್ಷಣದಲ್ಲಿ ನಡೆಯುವ ಸಾಧ್ಯತೆ ನಗಣ್ಯವಾಗಿರಬೇಕು.

ಈ ನಿಬಂಧನೆಗಳು ಎಲ್ಲೆಲ್ಲಿ ಮುರಿಯುತ್ತವೆ ಎಂಬುದನ್ನು ಕೋಲಾರ ಸೀಮೆಯ ಪರಿಚಿತ ಉದಾಹರಣೆಗಳಿಂದಲೇ ತೋರಿಸಬಹುದು. ಬೆಂಗಳೂರು–ಜೋಲಾರಪೇಟೆ ಮಾರ್ಗದ ಟೇಕಲ್ ರೈಲು ನಿಲ್ದಾಣಕ್ಕೆ ಬರುವ ರೈಲುಗಳ ಎಣಿಕೆಗೆ ಈ ವಿತರಣೆ ಹೊಂದುವುದಿಲ್ಲ. ರೈಲುಗಳು ವೇಳಾಪಟ್ಟಿಯಂತೆ ಬರುತ್ತವೆ, ಒಂದು ರೈಲು ಹೊರಟ ಮೇಲೆಯೇ ಅದೇ ಹಳಿಯ ಮೇಲೆ ಇನ್ನೊಂದಕ್ಕೆ ಅವಕಾಶ. ಶ್ರೀನಿವಾಸಪುರ ಮಾವಿನ ಬೆಳೆಗೆ ಪ್ರಸಿದ್ಧ. ಅಲ್ಲಿಂದ ಹೊರಟ ಮಾವಿನ ಪೆಟ್ಟಿಗೆಗಳಲ್ಲಿ ಕೊಳೆತ ಹಣ್ಣುಗಳನ್ನು ಎಣಿಸಿದರೆ ಅದೂ ಪಾಯ್ಸಾನ್ ವಿತರಣೆಯಂತಿರುವುದಿಲ್ಲ, ಏಕೆಂದರೆ ಒಂದು ಹಣ್ಣು ಕೊಳೆತರೆ ಪಕ್ಕದ ಹಣ್ಣುಗಳಿಗೂ ಅದು ಹರಡುತ್ತದೆ. ಹಲವು ಪೆಟ್ಟಿಗೆಗಳಲ್ಲಿ ಒಂದೂ ಇಲ್ಲದೆ, ಕೆಲವೇ ಪೆಟ್ಟಿಗೆಗಳಲ್ಲಿ ಬಹಳಷ್ಟು ಹಣ್ಣುಗಳು ಕೊಳೆತಿರುವುದು ಸಾಮಾನ್ಯ. ಕೋಲಾರ ಚಿನ್ನದ ಗಣಿಗಳಲ್ಲಿ ಸಂಭವಿಸುತ್ತಿದ್ದ ಶಿಲಾಸ್ಫೋಟಗಳ ಸ್ಥಿತಿಯೂ ಇಂತಹುದೇ. ಒಂದು ದೊಡ್ಡ ಸ್ಫೋಟದ ಬೆನ್ನಿಗೆ ಅದೇ ಪ್ರದೇಶದಲ್ಲಿ ಸಣ್ಣ ಸ್ಫೋಟಗಳ ಸರಣಿಯೇ ನಡೆಯುತ್ತಿತ್ತು. ಇಲ್ಲಿ ಎರಡನೆಯ ನಿಬಂಧನೆ ಮುರಿಯುತ್ತದೆ.

ಗುಣಲಕ್ಷಣಗಳು

ಸರಾಸರಿ ಮತ್ತು ಚದುರುವಿಕೆ: ಪಾಯ್ಸಾನ್ ವಿತರಣೆಯಲ್ಲಿ ಮಾನಕ ವಿಚಲನೆಯ ವರ್ಗವು ಸರಾಸರಿಗೆ ಸಮನಾಗಿರುತ್ತದೆ. ಆದುದರಿಂದ ಮಾನಕ ವಿಚಲನೆಯು ಸರಾಸರಿಯ ವರ್ಗಮೂಲವಾಗಿರುತ್ತದೆ. 100 ಘಟನೆಗಳನ್ನು ಎಣಿಸಿದಾಗ ಅನಿಶ್ಚಿತತೆ ಸುಮಾರು 10, ಅಂದರೆ ನೂರಕ್ಕೆ ಹತ್ತರಷ್ಟು. ನಾಲ್ಕೇ ಘಟನೆಗಳನ್ನು ಎಣಿಸಿದಾಗ ಅನಿಶ್ಚಿತತೆ ಸುಮಾರು 2, ಅಂದರೆ ಎಣಿಕೆಯ ಅರ್ಧದಷ್ಟು. ನಿಖರತೆಯನ್ನು ಎರಡು ಪಟ್ಟು ಹೆಚ್ಚಿಸಲು ನಾಲ್ಕು ಪಟ್ಟು ಎಣಿಕೆ ಬೇಕು. ವಿರಳ ಘಟನೆಗಳ ಪ್ರಯೋಗಗಳು ವರ್ಷಗಟ್ಟಲೆ ನಡೆಯುವುದು ಇದೇ ಕಾರಣದಿಂದ.

ಕೂಡಿಕೆ: ಪರಸ್ಪರ ಸ್ವತಂತ್ರವಾದ ಎರಡು ಪಾಯ್ಸಾನ್ ಎಣಿಕೆಗಳನ್ನು ಕೂಡಿಸಿದರೆ ಬರುವುದೂ ಪಾಯ್ಸಾನ್ ಎಣಿಕೆಯೇ. ಅದರ ಸರಾಸರಿಯು ಎರಡೂ ಸರಾಸರಿಗಳ ಮೊತ್ತವಾಗಿರುತ್ತದೆ.

ನಡುವಿನ ಅವಧಿ: ಒಂದು ಘಟನೆಗೂ ಮುಂದಿನ ಘಟನೆಗೂ ನಡುವಣ ಕಾಲವು ಘಾತೀಯ ವಿತರಣೆಯನ್ನು ಅನುಸರಿಸುತ್ತದೆ. ಈ ಕಾಲಕ್ಕೆ ಹಿಂದಿನ ನೆನಪಿಲ್ಲ ಎಂದು ಹೇಳಬಹುದು. ಕಳೆದ ಘಟನೆ ನಡೆದು ಬಹಳ ಕಾಲವಾಗಿದ್ದರೂ ಮುಂದಿನ ಒಂದು ಗಂಟೆಯಲ್ಲಿ ಘಟನೆ ನಡೆಯುವ ಸಂಭವನೀಯತೆ ಹೆಚ್ಚುವುದಿಲ್ಲ.

ದೊಡ್ಡ ಸರಾಸರಿ: ಸರಾಸರಿ ದೊಡ್ಡದಾದಂತೆ ಈ ವಿತರಣೆಯ ಆಕಾರವು ಗಂಟೆಯಾಕಾರದ ಸಾಮಾನ್ಯ ವಿತರಣೆಯನ್ನು ಹೋಲತೊಡಗುತ್ತದೆ.

ಎರಡು ಪ್ರಸಿದ್ಧ ಉದಾಹರಣೆಗಳು

ಪ್ರಷ್ಯಾದ ಸೇನೆಯ 10 ವಿಭಾಗಗಳ 20 ವರ್ಷಗಳ ದಾಖಲೆಯಿಂದ ಬೋರ್ಟ್‌ಕೆವಿಚ್ ಅವರಿಗೆ 200 ಎಣಿಕೆಗಳು ದೊರೆತಿದ್ದವು. ಕುದುರೆಯ ಒದೆತದಿಂದ ಒಟ್ಟು 122 ಮಂದಿ ಸತ್ತಿದ್ದರು. ಸರಾಸರಿ ಒಂದು ವಿಭಾಗಕ್ಕೆ ವರ್ಷಕ್ಕೆ 0.61. ಈ ಒಂದೇ ಸಂಖ್ಯೆಯಿಂದ ಲೆಕ್ಕ ಹಾಕಿದ ನಿರೀಕ್ಷೆಯೂ ವಾಸ್ತವ ಎಣಿಕೆಯೂ ಹೀಗಿವೆ:

• ಸಾವಿಲ್ಲದ ವರ್ಷಗಳು: ವಾಸ್ತವ 109, ನಿರೀಕ್ಷೆ 108.7
• ಒಂದು ಸಾವು: ವಾಸ್ತವ 65, ನಿರೀಕ್ಷೆ 66.3
• ಎರಡು ಸಾವು: ವಾಸ್ತವ 22, ನಿರೀಕ್ಷೆ 20.2
• ಮೂರು ಸಾವು: ವಾಸ್ತವ 3, ನಿರೀಕ್ಷೆ 4.1
• ನಾಲ್ಕು ಸಾವು: ವಾಸ್ತವ 1, ನಿರೀಕ್ಷೆ 0.6

ಒಂದೇ ವರ್ಷದಲ್ಲಿ ನಾಲ್ಕು ಸಾವು ಕಂಡ ವಿಭಾಗದ ಅಧಿಕಾರಿಗಳನ್ನು ನಿರ್ಲಕ್ಷ್ಯಕ್ಕಾಗಿ ದೂಷಿಸುವುದು ಸುಲಭ. ಆದರೆ ಎಲ್ಲ ವಿಭಾಗಗಳಲ್ಲಿಯೂ ಅಪಾಯ ಒಂದೇ ಆಗಿದ್ದರೂ 200 ಎಣಿಕೆಗಳಲ್ಲಿ ಅಂತಹ ಒಂದು ವರ್ಷ ಬರುವುದು ಅಚ್ಚರಿಯಲ್ಲ.

ಕ್ಲಾರ್ಕ್ ಅವರು ದಕ್ಷಿಣ ಲಂಡನ್ನಿನ ಒಂದು ಪ್ರದೇಶವನ್ನು ಕಾಲು ಚದರ ಕಿಲೋಮೀಟರಿನ 576 ಚೌಕಗಳಾಗಿ ವಿಂಗಡಿಸಿದರು. ಅಲ್ಲಿ 537 ಬಾಂಬುಗಳು ಬಿದ್ದಿದ್ದವು. 229 ಚೌಕಗಳಲ್ಲಿ ಒಂದೂ ಬಿದ್ದಿರಲಿಲ್ಲ, 211ರಲ್ಲಿ ಒಂದು, 93ರಲ್ಲಿ ಎರಡು, 35ರಲ್ಲಿ ಮೂರು, 7ರಲ್ಲಿ ನಾಲ್ಕು ಹಾಗೂ ಒಂದು ಚೌಕದಲ್ಲಿ ಏಳು ಬಾಂಬುಗಳು ಬಿದ್ದಿದ್ದವು. ಬಾಂಬುಗಳು ಕೆಲವು ಸ್ಥಳಗಳ ಮೇಲೆಯೇ ಗುರಿಯಿಟ್ಟು ಬೀಳುತ್ತಿವೆ ಎಂಬ ಭಾವನೆ ಇದ್ದರೂ ಎಣಿಕೆಗಳು ಪಾಯ್ಸಾನ್ ವಿತರಣೆಗೆ ಹೊಂದಿಕೊಂಡವು. ಆ ಪ್ರದೇಶದೊಳಗೆ ಅವು ಗುರಿಯಿಲ್ಲದೆಯೇ ಬಿದ್ದಿದ್ದವು.

ಕೋಲಾರ ಚಿನ್ನದ ಗಣಿಯ ಪ್ರಯೋಗಗಳು

ಟೇಕಲ್ ದಾಟಿದ ರೈಲು ಬಂಗಾರಪೇಟೆ ಜಂಕ್ಷನ್ನನ್ನು ತಲುಪುತ್ತದೆ. ಅಲ್ಲಿಂದ ಕವಲೊಡೆಯುವ ಮಾರ್ಗ ಕೋಲಾರ ಚಿನ್ನದ ಗಣಿಗಳಿಗೆ (ಕೆ.ಜಿ.ಎಫ್.) ಹೋಗುತ್ತದೆ. ಇಲ್ಲಿನ ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿತ್ತು. ಹೋಮಿ ಭಾಭಾ ಅವರ ಸಲಹೆಯಂತೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ. ವಿ. ಶ್ರೀಕಂಠನ್ ಅವರು 1951ರಲ್ಲಿ ಈ ಗಣಿಗಳಲ್ಲಿ ವಿಶ್ವಕಿರಣಗಳ ಅಧ್ಯಯನವನ್ನು ಆರಂಭಿಸಿದರು. ನಂಜನಗೂಡಿನಲ್ಲಿ ಜನಿಸಿದ ಅವರು ಮುಂದೆ ಆ ಸಂಸ್ಥೆಯ ನಿರ್ದೇಶಕರಾದರು.

ಆಳಕ್ಕೆ ಇಳಿಯಲು ಕಾರಣ

ಬಾಹ್ಯಾಕಾಶದಿಂದ ಬರುವ ಕಿರಣಗಳು ವಾಯುಮಂಡಲವನ್ನು ಅಪ್ಪಳಿಸಿದಾಗ ಮ್ಯೂಆನ್ ಎಂಬ ಕಣಗಳು ಹುಟ್ಟುತ್ತವೆ. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಬೀಳುತ್ತದೆ. ಇವುಗಳ ಸುರಿಮಳೆಯ ನಡುವೆ, ಯಾವುದರೊಂದಿಗೂ ಬಹುತೇಕ ಪ್ರತಿಕ್ರಿಯಿಸದ ನ್ಯೂಟ್ರಿನೊಗಳ ಗುರುತನ್ನು ಹಿಡಿಯುವುದು ಅಸಾಧ್ಯ. ಗಣಿಯ ಆಳದಲ್ಲಿ ಮೇಲಿನ ಬಂಡೆಯು ಮ್ಯೂಆನುಗಳನ್ನು ತಡೆಯುತ್ತದೆ, ನ್ಯೂಟ್ರಿನೊಗಳು ಮಾತ್ರ ಸರಾಗವಾಗಿ ಹಾದುಬರುತ್ತವೆ.

ಸೊನ್ನೆಯ ಅರ್ಥ

1960ರ ದಶಕದ ಆರಂಭದಲ್ಲಿ ವಿವಿಧ ಆಳಗಳಲ್ಲಿ ಮ್ಯೂಆನುಗಳನ್ನು ಎಣಿಸುತ್ತ ಹೋದ ಸಂಶೋಧಕರಿಗೆ, ಸುಮಾರು 2,760 ಮೀಟರ್ ಆಳದಲ್ಲಿ ಎರಡು ತಿಂಗಳ ಕಾಲ ಒಂದು ಮ್ಯೂಆನ್ ಕೂಡ ದೊರೆಯಲಿಲ್ಲ. ಏನೂ ಕಾಣದಿದ್ದರೆ ಏನೂ ತಿಳಿಯಲಿಲ್ಲ ಎಂದು ಮೇಲ್ನೋಟಕ್ಕೆ ತೋರಬಹುದು. ಪಾಯ್ಸಾನ್ ವಿತರಣೆಯ ಪ್ರಕಾರ ಹಾಗಲ್ಲ.

ಎರಡು ತಿಂಗಳಿಗೆ ನಿಜವಾದ ಸರಾಸರಿ 3 ಆಗಿದ್ದಿದ್ದರೆ, ಒಂದೂ ಕಾಣದಿರುವ ಸಂಭವನೀಯತೆ ‘ಇ’ ಸಂಖ್ಯೆಯ ‘−3’ ಘಾತ, ಅಂದರೆ 0.0498, ನೂರಕ್ಕೆ 5ರಷ್ಟು ಮಾತ್ರ. ಸರಾಸರಿ 10 ಆಗಿದ್ದಿದ್ದರೆ ಅದು ಲಕ್ಷಕ್ಕೆ ಐದಕ್ಕಿಂತ ಕಡಿಮೆ. ಆದುದರಿಂದ ಸೊನ್ನೆಯ ಎಣಿಕೆ ಬಂದಾಗ ಆ ಅವಧಿಯ ನಿಜವಾದ ಸರಾಸರಿಯು 3ಕ್ಕಿಂತ ಕಡಿಮೆಯೆಂದು ನೂರಕ್ಕೆ 95ರ ವಿಶ್ವಾಸದಿಂದ ಹೇಳಬಹುದು. ಇದನ್ನು ‘ಮೂರರ ನಿಯಮ’ ಎನ್ನುತ್ತಾರೆ. ಹೊಸ ಔಷಧದ ದುಷ್ಪರಿಣಾಮಗಳನ್ನು ಕುರಿತ ಅಧ್ಯಯನದಲ್ಲಿಯೂ ಇದೇ ನಿಯಮ ಬಳಕೆಯಲ್ಲಿದೆ. 300 ರೋಗಿಗಳಲ್ಲಿ ಒಬ್ಬರಿಗೂ ತೊಂದರೆಯಾಗದಿದ್ದರೆ ಔಷಧ ಸಂಪೂರ್ಣ ಸುರಕ್ಷಿತವೆಂದು ಅರ್ಥವಲ್ಲ, ತೊಂದರೆಯ ಪ್ರಮಾಣ ನೂರಕ್ಕೆ ಒಂದಕ್ಕಿಂತ ಕಡಿಮೆಯಿರಬಹುದು ಎಂದಷ್ಟೇ ಅರ್ಥ.

ಮ್ಯೂಆನುಗಳೇ ಇಲ್ಲದ ಆ ನಿಶ್ಶಬ್ದವು ನ್ಯೂಟ್ರಿನೊ ಶೋಧನೆಗೆ ಕೋಲಾರದ ಗಣಿ ಯೋಗ್ಯವಾದ ಸ್ಥಳ ಎಂಬುದನ್ನು ತೋರಿಸಿಕೊಟ್ಟಿತು. ಹಿನ್ನೆಲೆಯ ಸರಾಸರಿ ಸೊನ್ನೆಗೆ ಹತ್ತಿರವಾಗಿದ್ದರೆ, ಕೆಲವೇ ಘಟನೆಗಳು ಕಂಡರೂ ಅವುಗಳಿಗೆ ಬೆಲೆಯಿರುತ್ತದೆ.

1965ರ ನ್ಯೂಟ್ರಿನೊ ಪತ್ತೆ

ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳ ಜಂಟಿ ತಂಡವು ಚಾಂಪಿಯನ್ ರೀಫ್ ಗಣಿಯ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಪತ್ತೆಯಂತ್ರಗಳನ್ನು ಸ್ಥಾಪಿಸಿತು. ಅಷ್ಟು ಆಳಕ್ಕೂ ಇಳಿದುಬರುವ ಅಲ್ಪಸ್ವಲ್ಪ ಮ್ಯೂಆನುಗಳು ಬಹುಮಟ್ಟಿಗೆ ಮೇಲಿನಿಂದ ನೇರವಾಗಿ ಬರುತ್ತವೆ. ನ್ಯೂಟ್ರಿನೊಗಳು ಸುತ್ತಲಿನ ಬಂಡೆಯಲ್ಲಿ ಹುಟ್ಟಿಸುವ ಮ್ಯೂಆನುಗಳು ಎಲ್ಲ ದಿಕ್ಕುಗಳಿಂದಲೂ ಬರುತ್ತವೆ. ಅಡ್ಡಡ್ಡಲಾಗಿ ಹಾದುಹೋಗುವ ಕಣಗಳನ್ನು ಗುರುತಿಸುವಂತೆ ಯಂತ್ರಗಳನ್ನು ನಿಲ್ಲಿಸಿದುದರಿಂದ ಹಿನ್ನೆಲೆಯ ಸರಾಸರಿ ಮತ್ತಷ್ಟು ತಗ್ಗಿತು.

ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಪತ್ತೆಯನ್ನು ಈ ತಂಡವು 1965ರ ಆಗಸ್ಟ್ ತಿಂಗಳಲ್ಲಿ ಪ್ರಕಟಿಸಿತು. ಅದೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೀನ್ಸ್ ಅವರ ತಂಡ ನಡೆಸಿದ ಪ್ರಯೋಗದ ಫಲಿತಾಂಶವೂ ಪ್ರಕಟವಾಯಿತು. ಎರಡೂ ಕಡೆ ಎಣಿಕೆಗೆ ಸಿಕ್ಕ ಘಟನೆಗಳು ಬೆರಳೆಣಿಕೆಯವು. ಹಿನ್ನೆಲೆ ಇನ್ನೂ ಕಡಿಮೆಯಾಗಿದ್ದುದರಿಂದಲೇ ಅವು ಸಾಕ್ಷ್ಯವಾದವು.

ಪ್ರೋಟಾನ್ ಕ್ಷಯದ ಪ್ರಶ್ನೆ

ಸ್ಥಿರವೆಂದು ನಂಬಲಾಗಿದ್ದ ಪ್ರೋಟಾನ್ ಕೂಡ ಅತಿ ದೀರ್ಘಕಾಲದಲ್ಲಿ ಕ್ಷಯಿಸಬಹುದು ಎಂದು 1970ರ ದಶಕದಲ್ಲಿ ಕೆಲವು ಸಿದ್ಧಾಂತಗಳು ಸೂಚಿಸಿದವು. ಇದನ್ನು ಪರೀಕ್ಷಿಸಲು ಸುಮಾರು 140 ಟನ್ ಕಬ್ಬಿಣದ ಪತ್ತೆಯಂತ್ರವೊಂದು 1980ರ ಕೊನೆಯಲ್ಲಿ ಕೋಲಾರದ ಗಣಿಯಲ್ಲಿ ಕೆಲಸ ಆರಂಭಿಸಿತು. ಎಂ. ಜಿ. ಕೆ. ಮೆನನ್ ಅವರು ಈ ಪ್ರಯೋಗದ ಪ್ರಮುಖರಲ್ಲಿ ಒಬ್ಬರು.

ಇಲ್ಲಿನ ಲೆಕ್ಕ ಸರಳವಾದುದು. ಒಂದು ಟನ್ ಪದಾರ್ಥದಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳು ಒಟ್ಟು ಸುಮಾರು 6 × 10²⁹ ಇರುತ್ತವೆ. 140 ಟನ್‌ಗಳಲ್ಲಿ ಸುಮಾರು 8.4 × 10³¹. ಅವುಗಳ ಸರಾಸರಿ ಆಯುಷ್ಯ 10³¹ ವರ್ಷಗಳೆಂದು ಊಹಿಸಿದರೆ ವರ್ಷಕ್ಕೆ ಸರಾಸರಿ 8.4 ಕ್ಷಯಗಳು ನಡೆಯಬೇಕು. ಎಲ್ಲವೂ ಯಂತ್ರಕ್ಕೆ ಕಾಣುವಂತಿದ್ದರೆ, ಒಂದು ವರ್ಷ ಒಂದೂ ಕಾಣದಿರುವ ಸಂಭವನೀಯತೆ ಹತ್ತು ಸಾವಿರಕ್ಕೆ ಎರಡರಷ್ಟು ಮಾತ್ರ. ವಾಸ್ತವದಲ್ಲಿ ಯಂತ್ರದ ಅಂಚಿನಲ್ಲಿ ನಡೆಯುವ ಕ್ಷಯಗಳನ್ನು ಗುರುತಿಸಲಾಗದುದರಿಂದ ನಿರೀಕ್ಷೆ ಇದಕ್ಕಿಂತ ಕಡಿಮೆಯಾಗುತ್ತದೆ.

1980ರ ದಶಕದ ಆರಂಭದಲ್ಲಿ ಪ್ರೋಟಾನ್ ಕ್ಷಯವನ್ನು ಹೋಲುವ ಕೆಲವು ಘಟನೆಗಳು ದೊರೆತಿವೆಯೆಂದು ತಂಡವು ವರದಿ ಮಾಡಿತು. ಇದು ಜಗತ್ತಿನ ಗಮನ ಸೆಳೆಯಿತು. ಆದರೆ ನ್ಯೂಟ್ರಿನೊಗಳು ಯಂತ್ರದ ಒಳಗೇ ಪ್ರತಿಕ್ರಿಯಿಸಿದರೆ ಅವೂ ಪ್ರೋಟಾನ್ ಕ್ಷಯದಂತೆಯೇ ತೋರಬಹುದು. ಆದುದರಿಂದ ಹಿನ್ನೆಲೆಯ ಸರಾಸರಿ ಎಷ್ಟು ಎಂಬುದೇ ನಿರ್ಣಾಯಕವಾದ ಪ್ರಶ್ನೆ. ಊಹೆಯ ಉದಾಹರಣೆಯೊಂದನ್ನು ತೆಗೆದುಕೊಂಡರೆ, ಹಿನ್ನೆಲೆಯ ಸರಾಸರಿ 0.5 ಆಗಿದ್ದಾಗ ಮೂರು ಅಥವಾ ಹೆಚ್ಚು ಘಟನೆಗಳು ಆಕಸ್ಮಿಕವಾಗಿ ಕಾಣುವ ಸಂಭವನೀಯತೆ 0.014. ಹಿನ್ನೆಲೆಯನ್ನು ತಪ್ಪಾಗಿ ಅಂದಾಜಿಸಿ, ಅದು ನಿಜವಾಗಿ 2 ಆಗಿದ್ದರೆ ಇದೇ ಸಂಭವನೀಯತೆ 0.32ಕ್ಕೆ ಏರುತ್ತದೆ. ಮೊದಲನೆಯದು ಶೋಧದಂತೆ ಕಾಣುತ್ತದೆ, ಎರಡನೆಯದರಲ್ಲಿ ಹೇಳಿಕೊಳ್ಳುವಂತಹುದೇನೂ ಇಲ್ಲ. ಎಣಿಸಿದ ಘಟನೆಗಳು ಮಾತ್ರ ಎರಡರಲ್ಲಿಯೂ ಮೂರೇ.

ಅಮೆರಿಕ ಮತ್ತು ಜಪಾನ್‌ಗಳಲ್ಲಿ ನೀರನ್ನು ಬಳಸಿ ನಿರ್ಮಿಸಿದ ಹೆಚ್ಚು ದೊಡ್ಡ ಪತ್ತೆಯಂತ್ರಗಳಲ್ಲಿ ಪ್ರೋಟಾನ್ ಕ್ಷಯ ದೃಢಪಡಲಿಲ್ಲ. ಜಪಾನಿನ ಸೂಪರ್ ಕಾಮಿಯೋಕಾಂಡೆ ಪ್ರಯೋಗದಿಂದ, ಕ್ಷಯದ ಒಂದು ಮುಖ್ಯ ಬಗೆಗೆ ಪ್ರೋಟಾನಿನ ಆಯುಷ್ಯ 10³⁴ ವರ್ಷಗಳಿಗೂ ಹೆಚ್ಚಿರಬೇಕೆಂದು ತಿಳಿದುಬಂದಿದೆ. ಈ ಮಿತಿಯನ್ನು ನಿಗದಿಪಡಿಸುವುದೂ ಪಾಯ್ಸಾನ್ ಲೆಕ್ಕದಿಂದಲೇ.

ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. 2001ರಲ್ಲಿ ಗಣಿಗಳೇ ಮುಚ್ಚಲ್ಪಟ್ಟವು.

ಸಾಮಾನ್ಯ ತಪ್ಪು ತಿಳಿವಳಿಕೆಗಳು

ಗುಂಪಾಗಿ ಬಂದರೆ ಕಾರಣವಿರಲೇಬೇಕು: ಆಕಸ್ಮಿಕ ಘಟನೆಗಳು ಸಮಾನ ಅಂತರದಲ್ಲಿ ನಡೆಯಬೇಕೆಂದು ಜನರು ಭಾವಿಸುತ್ತಾರೆ. ವಾಸ್ತವವಾಗಿ ಅವು ಅಲ್ಲಲ್ಲಿ ಗುಂಪುಗೂಡುವುದೇ ಸಹಜ. ಕೋಲಾರ–ಮುಳಬಾಗಿಲು ಹೆದ್ದಾರಿಯಂತಹ ರಸ್ತೆಯ ಒಂದು ಭಾಗದಲ್ಲಿ ತಿಂಗಳಿಗೆ ಸರಾಸರಿ ಒಂದು ಅಪಘಾತ ನಡೆಯುತ್ತದೆಂದು ಊಹಿಸೋಣ. ಒಂದು ನಿರ್ದಿಷ್ಟ ತಿಂಗಳಲ್ಲಿ ಮೂರು ಅಥವಾ ಹೆಚ್ಚು ಅಪಘಾತಗಳಾಗುವ ಸಂಭವನೀಯತೆ ನೂರಕ್ಕೆ 8. ಆದರೆ ವರ್ಷದ ಹನ್ನೆರಡು ತಿಂಗಳುಗಳಲ್ಲಿ ಒಂದರಲ್ಲಾದರೂ ಹಾಗಾಗುವ ಸಂಭವನೀಯತೆ ನೂರಕ್ಕೆ 63. ಅಂತಹ ಒಂದು ತಿಂಗಳನ್ನು ಮಾತ್ರ ಹೆಕ್ಕಿ ತೆಗೆದು, ಆ ಸ್ಥಳಕ್ಕೆ ದೋಷ ತಟ್ಟಿದೆಯೆಂದೋ ಯಾರೋ ಒಬ್ಬರ ತಪ್ಪೆಂದೋ ತೀರ್ಮಾನಿಸುವುದು ಸರಿಯಲ್ಲ.

ಎಲ್ಲ ಗುಂಪುಗಳೂ ಆಕಸ್ಮಿಕ: ಇದೂ ತಪ್ಪು. 1987ರ ಫೆಬ್ರವರಿ 23ರಂದು ಜಪಾನಿನ ಕಾಮಿಯೋಕಾಂಡೆ ಪತ್ತೆಯಂತ್ರದಲ್ಲಿ ಸುಮಾರು 13 ಸೆಕೆಂಡುಗಳೊಳಗೆ 11 ನ್ಯೂಟ್ರಿನೊ ಘಟನೆಗಳು ದಾಖಲಾದವು. ಯಂತ್ರದ ಸಾಮಾನ್ಯ ದರಕ್ಕೆ ಹೋಲಿಸಿದರೆ ಇದು ಆಕಸ್ಮಿಕವಾಗಿರಲು ಸಾಧ್ಯವೇ ಇರಲಿಲ್ಲ. ಅವು ಸಿಡಿದ ನಕ್ಷತ್ರವೊಂದರಿಂದ (ಸೂಪರ್‌ನೋವಾ) ಬಂದಿದ್ದವು.

ಬಹಳ ಕಾಲ ಆಗಿಲ್ಲ, ಇನ್ನು ಆಗಲೇಬೇಕು: ಪಾಯ್ಸಾನ್ ಕ್ರಮದ ಘಟನೆಗಳಿಗೆ ಇಂತಹ ಸರದಿಯಿಲ್ಲ. ನಡುವಿನ ಅವಧಿಗೆ ನೆನಪಿಲ್ಲ ಎಂಬ ಗುಣವೇ ಇದಕ್ಕೆ ಉತ್ತರ.

ಆಕಸ್ಮಿಕ ಎಂದರೆ ತಡೆಯಲಾಗದುದು: ಎಣಿಕೆಯ ಏರಿಳಿತ ಆಕಸ್ಮಿಕವಾಗಿರಬಹುದು, ಸರಾಸರಿ ಹಾಗಲ್ಲ. ತಿರುವನ್ನು ಸರಿಪಡಿಸಿ, ದೀಪ ಹಾಕಿಸಿ, ವೇಗವನ್ನು ತಗ್ಗಿಸಿದರೆ ಅಪಘಾತಗಳ ಸರಾಸರಿಯೇ ಕಡಿಮೆಯಾಗುತ್ತದೆ. ಆದರೆ ಸುಧಾರಣೆ ಫಲಕಾರಿಯಾಯಿತೇ ಎಂದು ತಿಳಿಯಲು ಒಂದೆರಡು ತಿಂಗಳ ಎಣಿಕೆ ಸಾಲದು. ಅಪಘಾತಗಳು ಮೂರರಿಂದ ಒಂದಕ್ಕೆ ಇಳಿದುದು ಕೇವಲ ಆಕಸ್ಮಿಕವೂ ಆಗಿರಬಹುದು.

ಮಿತಿಗಳು ಮತ್ತು ಸಂಬಂಧಿತ ವಿತರಣೆಗಳು

ದತ್ತಾಂಶವು ಪಾಯ್ಸಾನ್ ವಿತರಣೆಗೆ ಹೊಂದುತ್ತದೆಯೇ ಎಂದು ತಿಳಿಯಲು ಸರಾಸರಿಯನ್ನೂ ಮಾನಕ ವಿಚಲನೆಯ ವರ್ಗವನ್ನೂ ಹೋಲಿಸುವುದು ಮೊದಲ ಹೆಜ್ಜೆ. ಕುದುರೆಯ ಒದೆತದ ದತ್ತಾಂಶದಲ್ಲಿ ಎರಡೂ ಸುಮಾರು 0.61. ವಿಚಲನೆಯ ವರ್ಗವು ಸರಾಸರಿಗಿಂತ ಬಹಳ ಹೆಚ್ಚಾಗಿದ್ದರೆ ಘಟನೆಗಳು ಒಂದನ್ನೊಂದು ಪ್ರಚೋದಿಸುತ್ತಿವೆ ಅಥವಾ ದರವು ಸ್ಥಿರವಾಗಿಲ್ಲ ಎಂದು ತಿಳಿಯಬೇಕು. ಮಾವಿನ ಪೆಟ್ಟಿಗೆ, ಶಿಲಾಸ್ಫೋಟ, ಸಾಂಕ್ರಾಮಿಕ ರೋಗಗಳ ಎಣಿಕೆಗಳು ಈ ಗುಂಪಿಗೆ ಸೇರುತ್ತವೆ. ಇಂತಹವುಗಳಿಗೆ ಋಣಾತ್ಮಕ ದ್ವಿಪದ ವಿತರಣೆಯನ್ನು ಬಳಸುವುದು ವಾಡಿಕೆ. ವಿಚಲನೆಯ ವರ್ಗವು ಸರಾಸರಿಗಿಂತ ಬಹಳ ಕಡಿಮೆಯಾಗಿದ್ದರೆ, ವೇಳಾಪಟ್ಟಿಯಂತೆ ಓಡುವ ರೈಲುಗಳ ಹಾಗೆ, ಘಟನೆಗಳ ನಡುವೆ ಯಾವುದೋ ಕ್ರಮ ಕೆಲಸ ಮಾಡುತ್ತಿದೆ ಎಂದರ್ಥ.

ದರವು ಕಾಲಕ್ಕೆ ತಕ್ಕಂತೆ ಬದಲಾಗುತ್ತಿದ್ದು, ಆ ಬದಲಾವಣೆ ತಿಳಿದಿದ್ದರೆ ಅವಧಿಯನ್ನು ಸಣ್ಣ ಭಾಗಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಬೇರೆ ಸರಾಸರಿಯನ್ನು ಬಳಸಬಹುದು. ಹಗಲು ಹೆಚ್ಚಾಗಿ, ರಾತ್ರಿ ಕಡಿಮೆಯಾಗಿ ಬರುವ ದೂರವಾಣಿ ಕರೆಗಳ ಅಧ್ಯಯನದಲ್ಲಿ ಈ ಕ್ರಮವನ್ನು ಅನುಸರಿಸುತ್ತಾರೆ.